ಉಪ್ಪುನೀರಿನ ಅಕ್ವೇರಿಯಂ ಇರುವ ಮನೆಯಲ್ಲಿ ಮಕ್ಕಳ ಸುರಕ್ಷತೆ

ಒಂದು ವರ್ಷದ ಮಗು ಎದ್ದು ನಿಂತರೆ ಅದರ ಕಣ್ಣು ನೆಲದಿಂದ ಎರಡು ಅಡಿಗಿಂತ ಸ್ವಲ್ಪವೇ ಮೇಲಿರುತ್ತದೆ. ಸ್ಟ್ಯಾಂಡಿನ ಮೇಲೆ ಕೂರಿಸಿದ ಅಕ್ವೇರಿಯಂನ ಮೀನುಗಳು ಆ ಎತ್ತರಕ್ಕೆ ಬರುವುದಿಲ್ಲ. ಮಗುವಿನ ಕಣ್ಣಿಗೂ ಕೈಗೂ ನೇರವಾಗಿ ಎಟುಕುವುದು ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು, ಹಿಂಬದಿಯಿಂದ ಇಳಿದುಬಂದ ವೈರುಗಳು ಮತ್ತು ಕಪಾಟಿನೊಳಗೆ ಸಾಲಾಗಿ ನಿಲ್ಲಿಸಿದ ಬಣ್ಣದ ಮುಚ್ಚಳಗಳ ಬಾಟಲಿಗಳು. ಸಮುದ್ರಜೀವಿಗಳನ್ನು ಮನೆಯಲ್ಲಿ ಸಾಕುವವರು ಅಪಾಯದ ಮಾತು ಬಂದೊಡನೆ ಸಿಂಹಮೀನಿನ ಮುಳ್ಳನ್ನೋ ಸೀ ಅರ್ಚಿನ್‌ನ ಸೂಜಿಯನ್ನೋ ನೆನೆಯುತ್ತಾರೆ. ಆದರೆ ಗಾಜಿನ ಆಚೆ ಈಜುವ ಪ್ರಾಣಿಗಿಂತ ಗಾಜಿನ ಈಚೆ ನಾವು ಇಟ್ಟಿರುವ ವಸ್ತುಗಳೂ, ತೊಟ್ಟಿಯನ್ನು ಶುಚಿಗೊಳಿಸುವ ದಿನ ನಾವು ಮಾಡುವ ಕೆಲಸಗಳೂ ಮಗುವಿಗೆ ಹೆಚ್ಚು ಅಪಾಯಕಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಎರಡು ವರ್ಷದ ಮಗುವಿಗೆ ‘ಮುಟ್ಟಬೇಡ’ ಎಂದು ಹೇಳುವುದು ರಕ್ಷಣೆಯಲ್ಲ. ಮುಟ್ಟಿದರೂ ಕೇಡಾಗದಂತೆ ತೊಟ್ಟಿಯನ್ನು ಹೊಂದಿಸುವುದು ರಕ್ಷಣೆ.

ಸಿಹಿನೀರಿನ ಗೋಲ್ಡ್‌ಫಿಶ್ ತೊಟ್ಟಿಗೂ ಹವಳಗಳಿರುವ ಕಡಲನೀರಿನ ತೊಟ್ಟಿಗೂ ನಡುವೆ ದೊಡ್ಡ ಅಂತರವಿದೆ. ಎರಡನೆಯದಕ್ಕೆ ಪಂಪುಗಳು ಹೆಚ್ಚು ಬೇಕು, ದೀಪ ಪ್ರಖರವಾಗಿರಬೇಕು, ಹವಳ ತನ್ನ ಅಸ್ಥಿಯನ್ನು ಕಟ್ಟಿಕೊಳ್ಳಲು ಕ್ಯಾಲ್ಸಿಯಂ ಮತ್ತು ಕ್ಷಾರವನ್ನು ಹೊರಗಿನಿಂದ ಸೇರಿಸುತ್ತಿರಬೇಕು. ಇವೆಲ್ಲದರ ಜೊತೆಗೆ, ನಮಗೆ ಅಷ್ಟಾಗಿ ಪರಿಚಯವಿಲ್ಲದ ರಕ್ಷಣಾ ವಿಷಗಳನ್ನು ಹೊತ್ತ ಜೀವಿಗಳೂ ಅದರಲ್ಲಿರುತ್ತವೆ.

ಅಂಥವುಗಳಲ್ಲಿ ಮೊದಲು ಹೇಳಬೇಕಾದದ್ದು ಜೊವಾಂಥಿಡ್‌ಗಳ ಬಗ್ಗೆ. ಹಸಿರು, ಕೇಸರಿ, ನೇರಳೆ ಬಣ್ಣದ ಪುಟ್ಟ ಬಟ್ಟಲುಗಳಂತೆ ಕಲ್ಲಿನ ಮೇಲೆ ಹಬ್ಬುವ ಈ ಜೀವಿಗಳು ಸುಲಭವಾಗಿ ಬೆಳೆಯುವುದರಿಂದ ಹೊಸ ಹವ್ಯಾಸಿಗಳ ಮೊದಲ ಆಯ್ಕೆಯಾಗುತ್ತವೆ. ಇವುಗಳ ಪೈಕಿ ಪ್ಯಾಲಿಥೋವಾ ಕುಲದ ಕೆಲವು ಪ್ರಭೇದಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. ಹವಾಯಿಯ ಮಾವಿ ದ್ವೀಪದ ಹಾನಾ ಪ್ರದೇಶದಲ್ಲಿ ‘ಸಾವಿನ ಪಾಚಿ’ಯೊಂದಿದೆ, ಅದನ್ನು ಹಿಂದಿನವರು ಈಟಿಯ ಮೊನೆಗೆ ಸವರುತ್ತಿದ್ದರು ಎಂಬ ಜನಪದ ಕಥೆಯ ಜಾಡು ಹಿಡಿದ ಹವಾಯಿ ವಿಶ್ವವಿದ್ಯಾಲಯದ ರಿಚರ್ಡ್ ಮೂರ್ ಮತ್ತು ಪಾಲ್ ಶಾಯರ್, 1971ರಲ್ಲಿ ಈ ವಿಷವನ್ನು ಬೇರ್ಪಡಿಸಿ ವರದಿ ಮಾಡಿದರು, ಆ ‘ಪಾಚಿ’ ವಾಸ್ತವದಲ್ಲಿ ಹವಳದ ಬಳಗದ ಪ್ರಾಣಿಯಾಗಿತ್ತು. 129 ಕಾರ್ಬನ್ ಪರಮಾಣುಗಳ ಈ ಬೃಹತ್ ಅಣುವಿನ ರಚನೆ ತಿಳಿಯಲು ಮತ್ತೆ ಹತ್ತು ವರ್ಷ ಹಿಡಿಯಿತು.

ಈ ವಿಷ ಕೆಲಸ ಮಾಡುವ ಬಗೆ ತಿಳಿದರೆ ಎಚ್ಚರಿಕೆಯ ಕಾರಣವೂ ಸ್ಪಷ್ಟವಾಗುತ್ತದೆ. ನಮ್ಮ ಪ್ರತಿಯೊಂದು ಜೀವಕೋಶದ ಪೊರೆಯಲ್ಲೂ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ಪಂಪುಗಳಿವೆ. ಅವುಗಳನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ಪಂಪಿನ ಒಳಬಾಗಿಲು ಮತ್ತು ಹೊರಬಾಗಿಲು ಎಂದೂ ಒಟ್ಟಿಗೆ ತೆರೆಯುವುದಿಲ್ಲ. ಪ್ಯಾಲಿಟಾಕ್ಸಿನ್ ಅದಕ್ಕೆ ಅಂಟಿಕೊಂಡಾಗ ಎರಡೂ ಬಾಗಿಲುಗಳು ತೆರೆದೇ ಉಳಿದು, ಪಂಪು ಬರಿಯ ರಂಧ್ರವಾಗಿ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ. ಸ್ನಾಯು, ನರ, ಹೃದಯ ಇವೆಲ್ಲ ಈ ಎರಡು ಲವಣಗಳ ವ್ಯತ್ಯಾಸದ ಮೇಲೆಯೇ ನಡೆಯುವ ಅಂಗಗಳಾದ್ದರಿಂದ ಜ್ವರ, ಚಳಿ, ಕೆಮ್ಮು, ಉಸಿರಾಟದ ತೊಂದರೆ, ಬಾಯಲ್ಲಿ ಲೋಹದ ರುಚಿ, ಮೈಕೈ ನೋವು, ಎದೆನೋವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪ್ರತಿವಿಷವಿಲ್ಲ, ಆಸ್ಪತ್ರೆಯಲ್ಲಿ ಉಸಿರಾಟಕ್ಕೂ ಹೃದಯಕ್ಕೂ ಆಸರೆ ನೀಡುತ್ತ ಕಾಯಬೇಕಾಗುತ್ತದೆ.

ತೊಟ್ಟಿಯಲ್ಲಿ ಸುಮ್ಮನಿರುವ ಜೊವಾಂಥಿಡ್ ಗಾಜಿನ ಈಚೆ ನಿಂತು ನೋಡುವ ಮಗುವಿಗೆ ಏನೂ ಮಾಡುವುದಿಲ್ಲ. ಅಪಾಯ ಶುರುವಾಗುವುದು ದೊಡ್ಡವರು ಆ ಕಲ್ಲನ್ನು ಹೊರತೆಗೆದು ಬ್ರಷ್ಷಿನಿಂದ ಉಜ್ಜಿದಾಗ, ಕತ್ತರಿಸಿದಾಗ, ಎಲ್ಲಕ್ಕಿಂತ ಮಿಗಿಲಾಗಿ ‘ಕುದಿಸಿದರೆ ಎಲ್ಲ ಸಾಯುತ್ತದೆ’ ಎಂದುಕೊಂಡು ಬಿಸಿನೀರಿಗೆ ಹಾಕಿದಾಗ. ಕುದಿತದಿಂದ ಪ್ರಾಣಿ ಸಾಯುತ್ತದೆ ನಿಜ, ಆದರೆ ವಿಷ ನಾಶವಾಗುವುದಿಲ್ಲ. ಏಳುವ ಆವಿಯ ಸೂಕ್ಷ್ಮ ಹನಿಗಳ ಜೊತೆ ಅದು ಮನೆಯ ಗಾಳಿಗೆ ಸೇರುತ್ತದೆ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವೆಂಟನ್‌ನಲ್ಲಿ ಒಬ್ಬರು ತಮ್ಮ ಅಕ್ವೇರಿಯಂ ಶುಚಿಗೊಳಿಸುವಾಗ ಹವಳದ ಕಲ್ಲನ್ನು ಹೊರತೆಗೆದು ಉಜ್ಜಿದ ನಂತರ ಅವರ ಮನೆಯವರೂ, ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ದೇಹತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ ಎಂಬುದನ್ನು ಇಲ್ಲಿ ಮರೆಯಬಾರದು. ಯಾವ ಜೊವಾಂಥಿಡ್‌ನಲ್ಲಿ ವಿಷ ಎಷ್ಟಿದೆ ಎಂದು ಬಣ್ಣ ನೋಡಿ ಹೇಳಲಾಗದು. ಚಿಕ್ಕ ಮಕ್ಕಳಿರುವ ಮನೆಗೆ ಇವನ್ನು ತರದಿರುವುದೇ ಒಳ್ಳೆಯದೆಂದು ನನಗನಿಸುತ್ತದೆ. ಈಗಾಗಲೇ ಇದ್ದರೆ, ಕಲ್ಲಿಗೆ ಕೈಹಾಕುವ ಹೊತ್ತು ಮಕ್ಕಳು ಮನೆಯಿಂದ ಹೊರಗಿರಬೇಕು. ಕೈಗವಸು ಮತ್ತು ಕಣ್ಣಿನ ಕನ್ನಡಕ ಧರಿಸಿ, ಕಲ್ಲನ್ನು ನೀರಿನೊಳಗೇ ಇಟ್ಟು ಕೆಲಸ ಮಾಡಬೇಕು. ಬಳಸಿದ ಚಾಕು, ಬಟ್ಟೆ, ಬಕೆಟ್ಟುಗಳನ್ನು ನೀರು ಬೆರೆಸಿದ ಬ್ಲೀಚ್ ದ್ರಾವಣದಲ್ಲಿ ನೆನೆಸಿದರೆ ವಿಷ ನಿಷ್ಕ್ರಿಯವಾಗುತ್ತದೆ. ಪಂಪುಗಳ ಸುಣ್ಣದ ಪೊರೆ ತೆಗೆಯಲು ಬಳಸುವ ವಿನೆಗರ್ ಅಥವಾ ಬೇರಾವುದೇ ಆಮ್ಲ ಆ ಬ್ಲೀಚಿಗೆ ತಾಗಿದರೆ ಕ್ಲೋರಿನ್ ಅನಿಲ ಹೊಮ್ಮುವುದರಿಂದ ಆ ಎರಡು ಕೆಲಸಗಳನ್ನು ಒಂದೇ ದಿನ ಇಟ್ಟುಕೊಳ್ಳಬಾರದು.

ಇನ್ನು ಕಪಾಟಿನ ಬಾಟಲಿಗಳು. ಹವಳದ ತೊಟ್ಟಿಗೆ ಕಾಲ್ಕ್‌ವಾಸರ್ ಎಂಬ ಹೆಸರಿನಲ್ಲಿ ಹಾಕುವ ಬಿಳಿ ಪುಡಿ ರಾಸಾಯನಿಕವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಎಲೆ ಅಡಿಕೆಯ ಡಬ್ಬಿಯಲ್ಲಿರುವ ಸುಣ್ಣವೇ. ಅಜ್ಜಿ ಬೆರಳಿನಲ್ಲಿ ಸವರುವ ವಸ್ತು ಎಂಬ ಸಲಿಗೆಯಿಂದ ಅದರ ತೀವ್ರತೆ ನಮ್ಮ ಗಮನಕ್ಕೆ ಬರುವುದಿಲ್ಲ. ಅದರ ತಿಳಿನೀರಿನ ಪಿಹೆಚ್ ಸುಮಾರು 12.4. ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣಿಗೆ ಹಾರಿಸಿಕೊಂಡ ಮಕ್ಕಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಬಹುಕಾಲದಿಂದ ನೋಡುತ್ತಿದ್ದಾರೆ. ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನ್ ಗಟ್ಟಿಯಾಗಿ, ಇನ್ನಷ್ಟು ಆಳಕ್ಕೆ ಇಳಿಯದಂತೆ ಒಂದಿಷ್ಟು ತಡೆ ಉಂಟಾಗುತ್ತದೆ. ಕ್ಷಾರವಾದರೋ ಜೀವಕೋಶದ ಪೊರೆಯ ಕೊಬ್ಬನ್ನೇ ಸಾಬೂನಾಗಿಸುತ್ತ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ, ರೆಪ್ಪೆಯ ಅಡಿಯಲ್ಲಿ ಸಿಕ್ಕಿಕೊಂಡ ಕಣಗಳು ಕರಗುತ್ತ ಗಾಯವನ್ನು ಮುಂದುವರಿಸುತ್ತವೆ. ಆದ್ದರಿಂದ ಪುಡಿಯಾಗಲಿ ದ್ರಾವಣವಾಗಲಿ ಮಗುವಿನ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲೇ, ಮಗು ಎಷ್ಟು ಅತ್ತರೂ, ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನಲ್ಲಿ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆಯಬೇಕು. ಕಣ್ಣಿನ ಮಟ್ಟಿಗೆ ಮೊದಲ ನಿಮಿಷಗಳ ನೀರಿಗಿಂತ ದೊಡ್ಡ ಚಿಕಿತ್ಸೆ ಇಲ್ಲ. ನುಂಗಿದರೆ ವಾಂತಿ ಮಾಡಿಸಬಾರದು, ಏಕೆಂದರೆ ಅನ್ನನಾಳವನ್ನು ಒಮ್ಮೆ ಸುಟ್ಟ ದ್ರವ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಬಾಟಲಿಯನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇಂಥ ಸಂದರ್ಭಗಳಲ್ಲಿ ಹಗಲಿರುಳು ಫೋನಿನಲ್ಲೇ ಸಲಹೆ ನೀಡುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್, ಅಯೋಡಿನ್, ತಾಮ್ರವಿರುವ ಮೀನಿನ ಔಷಧಿ, ಪರೀಕ್ಷಾ ಕಿಟ್ಟಿನ ದ್ರಾವಣಗಳು ಇವೆಲ್ಲವೂ ಬೀಗದ ಹಿಂದೆ, ಮಗುವಿನ ತಲೆಗಿಂತ ಎತ್ತರದಲ್ಲಿರಬೇಕು. ಇವುಗಳನ್ನು ಖಾಲಿಯಾದ ಕುಡಿಯುವ ನೀರಿನ ಬಾಟಲಿಗೋ ತಂಪುಪಾನೀಯದ ಬಾಟಲಿಗೋ ಸುರಿದಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬಾಯಾರಿದ ಮಗು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರವನ್ನು ನಂಬುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಉಪ್ಪುನೀರು ಸಿಹಿನೀರಿಗಿಂತ ಬೇರೆಯೇ ವಸ್ತು. ಕಡಲನೀರಿನ ವಾಹಕತೆ ಸಾಮಾನ್ಯ ನಲ್ಲಿ ನೀರಿನದಕ್ಕಿಂತ ಹಲವು ಹತ್ತರಷ್ಟು ಪಾಲು ಹೆಚ್ಚು. ತೊಟ್ಟಿಯ ಅಂಚಿನಿಂದ ಸಿಡಿದ ಹನಿಗಳು ಒಣಗಿ ಬಿಳಿಯ ಉಪ್ಪಿನ ಪದರವಾಗಿ ವೈರಿನುದ್ದಕ್ಕೂ ತೆವಳಿ ಪ್ಲಗ್ಗಿನವರೆಗೆ ಬರುತ್ತವೆ. ಮಳೆಗಾಲದಲ್ಲಿ ಆ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ತಾನೇ ವಾಹಕವಾಗುತ್ತದೆ. ನಮ್ಮ 230 ವೋಲ್ಟಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಎಂಸಿಬಿ ವೈರು ಸುಡದಂತೆ ಕಾಯುವ ಸಾಧನವೇ ಹೊರತು ಮನುಷ್ಯನನ್ನು ಕಾಯುವುದಲ್ಲ. ಅದು ಬೀಳಲು ಹಲವು ಆಂಪಿಯರ್ ಬೇಕು, ಹೃದಯದ ಲಯ ಕೆಡಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಒಂದು ವೈರಿನಲ್ಲಿ ಹರಿದುಹೋಗುವ ಕರೆಂಟಿಗೂ ಇನ್ನೊಂದರಲ್ಲಿ ಮರಳುವ ಕರೆಂಟಿಗೂ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿನ ತೊಟ್ಟಿಯನ್ನು ಮನೆಯಲ್ಲಿ ಇಡಲೇಬಾರದು. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಕರೆಂಟು ಹೋದಾಗ ಪಂಪು ನಿಲ್ಲದಿರಲೆಂದು ಇನ್ವರ್ಟರ್‌ಗೆ ಜೋಡಿಸುವವರು, ಆ ಸಾಲು ಆರ್‌ಸಿಸಿಬಿಯ ರಕ್ಷಣೆಯೊಳಗೆ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಖಚಿತಪಡಿಸಿಕೊಳ್ಳಬೇಕು. ವೈರು ಸಾಕೆಟ್ಟಿಗಿಂತ ಕೆಳಗೆ ಬಾಗಿ ಇಳಿದು ಮತ್ತೆ ಮೇಲೇರುವಂತಿದ್ದರೆ ಅದರ ಗುಂಟ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಯಾರೇ ಆಗಲಿ ನೀರಿಗೆ ಕೈಹಾಕುವ ಮೊದಲು ಹೀಟರ್ ಮತ್ತು ಪಂಪುಗಳ ಪ್ಲಗ್ ಕಿತ್ತಿರಬೇಕು.

ತೊಟ್ಟಿಯ ಕೆಳಗೆ ಫಿಲ್ಟರ್ ಇಡುವ, ಹವ್ಯಾಸಿಗಳು ಸಂಪ್ ಎಂದು ಕರೆಯುವ ಕೆಳತೊಟ್ಟಿ ಹೆಚ್ಚಾಗಿ ಮುಚ್ಚಳವಿಲ್ಲದೆಯೇ ಇರುತ್ತದೆ. ಅಂಬೆಗಾಲಿಡುವ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ. ಬಗ್ಗಿ ಇಣುಕಿದಾಗ ಆಯ ತಪ್ಪಿದರೆ ತಲೆ ಕೆಳಗಾಗಿ ಬೀಳುತ್ತದೆ, ಮತ್ತೆ ಎತ್ತಿಕೊಳ್ಳುವ ಬಲ ಕುತ್ತಿಗೆಗೂ ತೋಳಿಗೂ ಇರುವುದಿಲ್ಲ. ಒಂದು ಗೇಣು ನೀರಿನಲ್ಲೂ ಸದ್ದಿಲ್ಲದೆ ಮುಳುಗುವುದು ಸಾಧ್ಯ. ಕಪಾಟಿನ ಬಾಗಿಲಿಗೆ ಚಿಲಕ ಬೇಕು. ನೀರು ಬದಲಿಸಲು ಹಿಂದಿನ ರಾತ್ರಿಯೇ ಉಪ್ಪು ಕಲಸಿಟ್ಟ ಡ್ರಮ್ಮಿಗೆ ಬಿಗಿ ಮುಚ್ಚಳ ಬೇಕು. ನಾಲ್ಕು ಅಡಿ ಉದ್ದದ, 270 ಲೀಟರಿನ ತೊಟ್ಟಿಯಲ್ಲಿ ನೀರೊಂದೇ ಸುಮಾರು 277 ಕಿಲೋ ತೂಗುತ್ತದೆ. ಸ್ಟ್ಯಾಂಡು ಸಮತಟ್ಟಾಗಿರಲಿ, ಮಗು ಹತ್ತಬಹುದಾದ ಕುರ್ಚಿ ಪಕ್ಕದಲ್ಲಿ ಇಲ್ಲದಿರಲಿ.

ಮುಳ್ಳಿನ ಮೀನುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ, ಮುಚ್ಚಳವಿರುವ ತೊಟ್ಟಿಯೊಳಗೆ ಮಗುವಿನ ಕೈ ಹೋಗುವುದಿಲ್ಲ. ಸಿಂಹಮೀನು, ರ್‍ಯಾಬಿಟ್‌ಫಿಶ್ ಮುಂತಾದವುಗಳ ಮುಳ್ಳು ಚುಚ್ಚಿದರೆ ಅವುಗಳ ವಿಷ ಪ್ರೋಟೀನ್ ಆದ್ದರಿಂದ ಬಿಸಿಗೆ ಕೆಡುತ್ತದೆ. ಚುಚ್ಚಿದ ಭಾಗವನ್ನು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಇಡುವುದರಿಂದ ನೋವು ಇಳಿಯುತ್ತದೆ. ನೋವಿನಲ್ಲಿರುವ ಮಗುವಿಗೆ ಬಿಸಿಯ ಅಂದಾಜು ಸಿಗದ ಕಾರಣ ದೊಡ್ಡವರು ತಮ್ಮ ಕೈಯನ್ನು ಮೊದಲು ಅದ್ದಿ ನೋಡಬೇಕು, ಆಮೇಲೆ ವೈದ್ಯರಿಗೆ ತೋರಿಸಬೇಕು.

ನಿಧಾನವಾಗಿ ಬರುವ, ಆದ್ದರಿಂದಲೇ ಗುರುತು ಸಿಗದ ಅಪಾಯವೊಂದಿದೆ. ಕ್ಷಯದ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಮರೀನಮ್ ಅನ್ನು 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂನ ಸತ್ತ ಕಡಲಮೀನುಗಳಲ್ಲಿ ಗುರುತಿಸಲಾಯಿತು. ಸಿಹಿನೀರು, ಉಪ್ಪುನೀರು ಎರಡರಲ್ಲೂ ಇರುವ ಇದು ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವುದರಿಂದ ದೇಹದ ಒಳಗಿಗಿಂತ ತಂಪಾಗಿರುವ ಬೆರಳು, ಮೊಣಕೈಗಳ ಚರ್ಮದಲ್ಲಿ ನೆಲೆಸುತ್ತದೆ. ತರಚಿದ ಗಾಯದ ಮೂಲಕ ಒಳಹೊಕ್ಕು, ವಾರಗಳ ನಂತರ ನೋವಿಲ್ಲದ ಕೆಂಪು ಗಂಟಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಿದರೆ ತಿಂಗಳುಗಟ್ಟಲೆ ತಪ್ಪು ಚಿಕಿತ್ಸೆ ಪಡೆಯುವುದು ತಪ್ಪುತ್ತದೆ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು. ಪೈಪನ್ನು ಬಾಯಿಂದ ಎಳೆದು ನೀರು ಹರಿಸುವುದನ್ನು ಮಕ್ಕಳ ಮುಂದೆ ಮಾಡಬಾರದು, ಅವರು ನೋಡಿದ್ದನ್ನು ಮಾಡುತ್ತಾರೆ.

ಎಂಟು ಹತ್ತು ವರ್ಷದ ಮಕ್ಕಳನ್ನು ತೊಟ್ಟಿಯಿಂದ ದೂರ ಇಡುವುದು ಸರಿಯಲ್ಲವೆಂದೇ ನಾನು ಭಾವಿಸುತ್ತೇನೆ. ಕೈ ನೀರಿಗೆ ತಾಗದಂತೆ ಒಣ ಆಹಾರ ಹಾಕುವುದು, ದೊಡ್ಡವರು ತೆಗೆದುಕೊಟ್ಟ ಹನಿ ನೀರನ್ನು ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ ಎಂದು ಪುಸ್ತಕದಲ್ಲಿ ಬರೆದಿಡುವುದು, ಯಾವ ಮೀನು ಊಟ ಬಿಟ್ಟಿದೆ ಎಂದು ಗಮನಿಸುವುದು ಅವರಿಗೆ ಒಪ್ಪಿಸಬಹುದಾದ ಕೆಲಸಗಳು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಬೆರಳಿನಲ್ಲಿ ಗಾಯವಿದ್ದರೆ ಅದು ಪೂರ್ತಿ ಮಾಯುವವರೆಗೆ ಪುಸ್ತಕದಲ್ಲಿ ಬರೆಯುವ ಕೆಲಸವನ್ನಷ್ಟೇ ಕೊಟ್ಟು ಉಳಿದದ್ದನ್ನು ದೊಡ್ಡವರೇ ಮಾಡಬೇಕು.