ಬಟ್ಟೆ ಪ್ಯಾಡ್ ವಾಸನೆ ಬಂದರೆ ಮಳೆಯನ್ನು ಬೈಯಬೇಡಿ

ಪ್ರಶ್ನೆ: "ಅಕ್ಕ, ಬೇಸಿಗೆಯಲ್ಲಿ ಮುಟ್ಟಿಗೆ ಅಂಗಡಿ ಪ್ಯಾಡ್ ಬಿಟ್ಟು ಬಟ್ಟೆ ಪ್ಯಾಡ್ ಶುರು ಮಾಡಿದೆ. ಮೇ ತಿಂಗಳವರೆಗೆ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಒಣಗುವುದೇ ಇಲ್ಲ, ವಾಸನೆ ಬೇರೆ. ಕುದಿಯುವ ನೀರು ಹಾಕಿದರೂ, ಡೆಟ್ಟಾಲ್ ಹಾಕಿದರೂ ಹೋಗುವುದಿಲ್ಲ. ಎಂತ ಮಾಡುವುದು? ಮಳೆಗಾಲ ಮುಗಿಯುವವರೆಗೆ ಪುನಃ ಅಂಗಡಿ ಪ್ಯಾಡೇ ಗತಿಯಾ?"

ಜೂನ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಜುಲೈ-ಆಗಸ್ಟಿನ ನಮ್ಮ ತುಳು ತಿಂಗಳು ಆಟಿಯಲ್ಲಂತೂ ಕೇಳುವುದೇ ಬೇಡ. ಬರೆಯುವವರ ಊರು ಸುರತ್ಕಲ್ ಇರಬಹುದು, ಮಲ್ಪೆ ಇರಬಹುದು, ಕಾರ್ಕಳ ಇರಬಹುದು. ಆದರೆ ನಡುವೆ ಒಂದು ವಾಕ್ಯ ಮಾತ್ರ ತಪ್ಪುವುದಿಲ್ಲ. "ಕುದಿಯುವ ನೀರು ಹಾಕಿದರೂ ಹೋಗುವುದಿಲ್ಲ." ಹಾಕಿದರೂ ಅಲ್ಲ ಮಾರಾಯ್ರೆ, ಹಾಕಿದ್ದರಿಂದಲೇ ಹೋಗುವುದಿಲ್ಲ.

ಮೊದಲು ಚಿಕ್ಕ ಉತ್ತರ: ಅಂಗಡಿ ಪ್ಯಾಡಿಗೆ ಮರಳುವ ಅಗತ್ಯವಿಲ್ಲ. ತೊಳೆಯುವ ಕ್ರಮ ಬದಲಿಸಿ, ನಾಲ್ಕೈದು ಪ್ಯಾಡ್ ಹೆಚ್ಚು ಇಟ್ಟುಕೊಳ್ಳಿ, ಒಣಗಿಸುವಾಗ ಸ್ವಲ್ಪ ಬುದ್ಧಿ ಓಡಿಸಿ. ಅಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಬಿಸಿನೀರಿನ ವಿಷಯವನ್ನು ಈ ಸಲ ಪೂರ್ತಿ ಹೇಳಿಯೇ ಬಿಡುತ್ತೇನೆ, ಮುಂದಿನ ಜೂನ್‌ನಲ್ಲಿ ಪುನಃ ಹೇಳುವುದು ತಪ್ಪಲಿ.

ರಕ್ತದಲ್ಲಿ ನೀರು ಬಿಟ್ಟರೆ ಉಳಿಯುವುದು ಹೆಚ್ಚಿನ ಪಾಲು ಪ್ರೋಟೀನ್. ಹಿಮೋಗ್ಲೋಬಿನ್, ಆಲ್ಬುಮಿನ್ ಎಲ್ಲ ಅದೇ ಜಾತಿ. ಮುಟ್ಟಿನ ಸ್ರಾವ ಪೂರ್ತಿ ರಕ್ತವೂ ಅಲ್ಲ, ಗರ್ಭಕೋಶದ ಒಳಪದರದ ಚೂರು, ಲೋಳೆ ಎಲ್ಲ ಅದರಲ್ಲಿ ಬೆರೆತಿರುತ್ತದೆ. ಅದರಲ್ಲಿಯೂ ಪ್ರೋಟೀನ್ ಇದೆ. ತಣ್ಣೀರಿನಲ್ಲಿ ಇದು ಬಿಟ್ಟುಕೊಂಡು ಹೊರಗೆ ಬರುತ್ತದೆ. ನೀರಿನ ಬಿಸಿ 60 ಡಿಗ್ರಿ ದಾಟಿತೋ, ಗಟ್ಟಿಯಾಗಿ ನೂಲಿನ ಎಳೆಗಳ ನಡುವೆ ಕಚ್ಚಿಕೊಳ್ಳುತ್ತದೆ. ಕುದಿಯುವ ನೀರಿಗೆ ಮೊಟ್ಟೆ ಒಡೆದು ಹಾಕಿದರೆ ಬಿಳಿಭಾಗಕ್ಕೆ ಏನಾಗುತ್ತದೋ, ಪ್ಯಾಡಿನ ಒಳಗೆ ಆಗುವುದೂ ಅದೇ. ಒಮ್ಮೆ ಬೆಂದ ಮೇಲೆ ಎಷ್ಟು ಉಜ್ಜಿದರೂ ಅದು ಪುನಃ ನೀರಿನಲ್ಲಿ ಕರಗುವ ವಸ್ತುವಲ್ಲ.

ಮೇಲಿನ ಪದರ ಚೊಕ್ಕ ಕಾಣುತ್ತದೆ. ಒಳಗಿನ ನಾಲ್ಕೈದು ಪದರದಲ್ಲಿ ಬೆಂದ ರಕ್ತ ಕೂತಿರುತ್ತದೆ. ಬೇಸಿಗೆಯಲ್ಲಿ ಅಂಗಳದ ಬಿಸಿಲಿಗೆ ಹಾಕಿದ ಪ್ಯಾಡ್ ನಾಲ್ಕೈದು ಗಂಟೆಯಲ್ಲಿ ಗರಿಗರಿ ಒಣಗುವುದರಿಂದ ಆ ಉಳಿಕೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯುವಷ್ಟು ಸಮಯವೇ ಸಿಗುವುದಿಲ್ಲ. ಜುಲೈಯಲ್ಲಿ ಅದೇ ಪ್ಯಾಡ್ ಒಂದೂವರೆ ದಿನ ಹಸಿಯಾಗಿಯೇ ನೇತಾಡುತ್ತದೆ. ಆಗ ವಾಸನೆ ಬರದೆ ಇನ್ನೇನು? ಮಾರ್ಚಿನಿಂದಲೂ ಒಳಗೆ ಇದ್ದದ್ದನ್ನೇ ಮಳೆ ಹೊರಗೆ ತೋರಿಸಿತು.

ನಂಬಿಕೆ ಬರದವರು ಮನೆಯಲ್ಲೇ ನೋಡಿ. ಹಳೇ ಬಿಳಿ ಪಂಚೆಯ ತುಂಡೊಂದನ್ನು ಎರಡು ಭಾಗ ಮಾಡಿ. ಎರಡಕ್ಕೂ ಮುಟ್ಟಿನ ರಕ್ತದ ಒಂದೆರಡು ಹನಿ ತಾಗಿಸಿ, ಹತ್ತು ನಿಮಿಷ ಬಿಡಿ. ಒಂದರ ಮೇಲೆ ಒಲೆಯಿಂದ ಇಳಿಸಿದ ನೀರು ಹೊಯ್ಯಿರಿ, ಇನ್ನೊಂದನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ. ಬಿಸಿನೀರಿನದ್ದು ಕ್ಷಣದಲ್ಲಿ ಕೆಂಪಿನಿಂದ ಕಂದಿಗೆ ತಿರುಗಿ, ಅಂಚಿನಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ತಣ್ಣೀರಿನದ್ದರಲ್ಲಿ ಹಿಂಡಿದಷ್ಟೂ ಗುಲಾಬಿ ನೀರು ಇಳಿದು, ಕೊನೆಗೆ ಉಳಿದರೆ ಮಾಸಲು ನೆರಳು. ಇದರ ಮೇಲೆ ವಾದ ಬೇಡ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? "ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ" ಎಂಬ ಸಲಹೆಯ ಹಿಂದೆ "ರಕ್ತ ಪೂರ್ತಿ ಹೋದ ಮೇಲೆ" ಎಂಬ ಶರತ್ತೊಂದು ಇತ್ತು. ಅದು ಯಾರ ಕಿವಿಗೂ ಬೀಳಲಿಲ್ಲ. ಜೊತೆಗೆ ನಮ್ಮ ಬಚ್ಚಲಲ್ಲಿ ಹಂಡೆಯ ಬಿಸಿನೀರು ಯಾವಾಗಲೂ ಕೈಗೆ ಸಿಗುವಂಥದ್ದು. ಮೈಲಿಗೆ ಹೋಗಬೇಕಾದರೆ ನೀರು ಹೊಗೆಯಾಡಬೇಕು ಎಂಬ ಲೆಕ್ಕವೂ ಸೇರಿತು. ಇತ್ತೀಚೆಗೆ ಮುಟ್ಟಿನ ಕಪ್ (ಯೋನಿಯೊಳಗೆ ಇಟ್ಟು ರಕ್ತ ಹಿಡಿಯುವ ಸಣ್ಣ ಮೆತ್ತನೆಯ ಬಟ್ಟಲು) ಬಂದ ಮೇಲೆ, ಕಪ್ಪನ್ನು ಕುದಿಸುವುದಾದರೆ ಬಟ್ಟೆಯನ್ನೇಕೆ ಕುದಿಸಬಾರದು ಎಂದು ಕೇಳುವವರೂ ಉಂಟು. ಕಪ್ಪಿನ ಸಿಲಿಕೋನಿನ ಒಳಕ್ಕೆ ರಕ್ತ ಇಳಿಯುವುದಿಲ್ಲ, ಹತ್ತಿಬಟ್ಟೆ ಇರುವುದೇ ಇಳಿಸಿಕೊಳ್ಳುವುದಕ್ಕೆ. ಬಿಸಿನೀರು ತಪ್ಪಲ್ಲ, ಮೊದಲು ಬಿಸಿನೀರು ತಪ್ಪು.

ಡೆಟ್ಟಾಲ್‌ನದ್ದೂ ಇದೇ ಕಥೆ. ರಕ್ತ ಇನ್ನೂ ಇರುವ ಬಟ್ಟೆಯ ಮೇಲೆ ಅದರ ಅರ್ಧ ಶಕ್ತಿ ವ್ಯರ್ಥ. ಜಾಲಾಡುವಾಗ ಪೂರ್ತಿ ಹೋಗದೆ ಹತ್ತಿಯಲ್ಲಿ ಉಳಿದದ್ದು ಆ ಜಾಗದ ತೆಳು ಚರ್ಮಕ್ಕೆ ತಾಗಿ ಉರಿ, ತುರಿಕೆ. ಆಮೇಲೆ "ಬಟ್ಟೆ ಪ್ಯಾಡ್‌ನಿಂದ ಅಲರ್ಜಿ" ಎಂಬ ದೂರು.

ಸರಿಯಾದ ಕ್ರಮ ಹೀಗೆ. ಪ್ಯಾಡ್ ಬದಲಿಸಿದ ಕೂಡಲೇ ನಲ್ಲಿಯ ಕೆಳಗೆ ಹಿಡಿದು, ಉಜ್ಜದೆ, ಅಂಗೈಯಲ್ಲಿ ಒತ್ತಿ ಒತ್ತಿ ರಕ್ತ ಇಳಿಸಿ. ನೀರು ತಿಳಿಗುಲಾಬಿಯಾದ ಮೇಲೆ ಮುಚ್ಚಳವಿರುವ ಸಣ್ಣ ಬಕೆಟಿನಲ್ಲಿ ತಣ್ಣೀರಿಗೆ ಹಾಕಿ, ಅರ್ಧ ಗಂಟೆಯಿಂದ ಎರಡು ಗಂಟೆ ನೆನೆಯಲಿ, ನಡುವೆ ಒಮ್ಮೆ ನೀರು ಬದಲಿಸಿ. ರಾತ್ರಿಯಿಡೀ ನೆನೆಹಾಕಬೇಡಿ, ನಮ್ಮ ಊರಿನ ಸೆಕೆಗೆ ಬೆಳಿಗ್ಗೆ ಆ ಬಕೆಟಿನ ಮುಚ್ಚಳ ತೆಗೆಯಲಿಕ್ಕಿಲ್ಲ. ಕಾಲೇಜಿನಲ್ಲೋ ಆಫೀಸಿನಲ್ಲೋ ಬದಲಿಸಿದ್ದಾದರೆ ಒಳಮುಖವಾಗಿ ಮಡಚಿ, ಟಿಚ್ ಬಟನ್ ಹಾಕಿ, ನೀರು ಸೋರದ ಚೀಲದಲ್ಲಿ ತನ್ನಿ. ಒಣಗಿದ ರಕ್ತ ಬಿಡಲು ಮೂರು ನಾಲ್ಕು ಗಂಟೆ ಬೇಕಾದೀತು, ಆಗಲೂ ತಣ್ಣೀರೇ. ನಂತರ ಸೋಪು: ಪುಡಿಯಾದರೆ ಒಂದು ಪ್ಯಾಡಿಗೆ ಅರ್ಧ ಚಮಚ, ಬಾರ್ ಆದರೆ ಎರಡು ಸಲ ಎಳೆದರೆ ಆಯಿತು. ಬ್ರಷ್ ಬೇಡ, ಫ್ಲಾನೆಲ್ ಬಟ್ಟೆ ಗಂಟು ಕಟ್ಟಿ ಒರಟಾಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿ. ಬಿಸಿನೀರು ಹಾಕಲೇಬೇಕು ಎನಿಸಿದರೆ ಈಗ ಹಾಕಿ, ಪ್ಯಾಡಿನ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟು ಬಿಸಿ ಮಾತ್ರ. ಒಳಗೆ ಸೋರದ ಪದರ ಇರುವ ಪ್ಯಾಡ್ ಕುದಿಸಿದರೆ ಆ ಪದರ ಬಿಟ್ಟುಕೊಂಡು, ಮುಂದಿನ ತಿಂಗಳು ಬಸ್ಸಿನಲ್ಲಿ ಕೂತಾಗ ಗೊತ್ತಾಗುತ್ತದೆ. ಬಟ್ಟೆ ಮೆತ್ತಗೆ ಮಾಡುವ ಪರಿಮಳದ ದ್ರಾವಣವನ್ನೂ ಹಾಕಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನಂತೆ ಕೂತರೆ ಪ್ಯಾಡ್ ಹೀರುವುದನ್ನೇ ಬಿಡುತ್ತದೆ.

ಈಗಾಗಲೇ ವಾಸನೆ ಹಿಡಿದಿರುವುದನ್ನು ಎಸೆಯುವ ಮೊದಲು ಒಂದು ಪ್ರಯತ್ನ ಮಾಡಿ. ಎನ್‌ಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರು ಬೆಚ್ಚಗಿನ ನೀರಿಗೆ ಹಾಕಿ ಒಂದೆರಡು ಗಂಟೆ ನೆನೆಸಿ. ಪ್ರೋಟೀನನ್ನು ಚೂರು ಮಾಡುವ ಕೆಲಸ ಎನ್‌ಜೈಮಿನದ್ದು. ನೀರು ಕುದಿಸಿದರೆ ಅದೂ ಸತ್ತುಹೋಗುತ್ತದೆ, ಹಾಗಾಗಿ ಇಲ್ಲಿಯೂ ಹಂಡೆಯ ಕಡೆ ಹೋಗಬೇಡಿ. ಕಲೆ ಉಳಿದರೆ ಮೆಡಿಕಲ್‌ನಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಡಿ, ಬುರುಬುರು ನೊರೆ ಬಂದು ನಿಂತ ಮೇಲೆ ತೊಳೆಯಿರಿ. ಗಾಢ ಬಣ್ಣದ ಬಟ್ಟೆಯಾದರೆ ಬಣ್ಣ ಮಾಸಬಹುದು. ಕಲೆ ಹೋಗದಿದ್ದರೂ ಚಿಂತೆ ಬೇಡ. ತೊಳೆದ ಪ್ಯಾಡಿನಲ್ಲಿ ಕಲೆ ಇರಬಹುದು, ವಾಸನೆ ಇರಬಾರದು.

ಒಣಗಿಸುವ ವಿಷಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಕರಾವಳಿ ನಮ್ಮದು. ಬಿಸಿಲು ಕಾಯುತ್ತಾ ಕೂತರೆ ಆಗುವುದಿಲ್ಲ. ಹಿಂಡಿದ ಪ್ಯಾಡನ್ನು ಒಣ ಬೈರಾಸಿನ (ಟವೆಲಿನ) ನಡುವೆ ಇಟ್ಟು, ಸುರುಳಿ ಸುತ್ತಿ, ನೆಲದಲ್ಲಿಟ್ಟು ಮೇಲೆ ನಿಂತು ತುಳಿಯಿರಿ. ಕೈಯಲ್ಲಿ ಹಿಂಡಿ ಬಾರದ ನೀರು ಬೈರಾಸಿಗೆ ಬರುತ್ತದೆ. ವಾಷಿಂಗ್ ಮೆಷಿನ್ ಇದ್ದರೆ ಸ್ಪಿನ್‌ಗೆ ಹಾಕಿದರೂ ಆದೀತು. ಆಮೇಲೆ ಬಟನ್ ಬಿಚ್ಚಿ, ರೆಕ್ಕೆ ಅಗಲಿಸಿ, ಒಂದೊಂದನ್ನೇ ಕ್ಲಿಪ್ಪಿನಲ್ಲಿ ನೇತುಹಾಕಿ ಟೇಬಲ್ ಫ್ಯಾನ್ ನೇರವಾಗಿ ಬಿಡಿ. ಮಳೆ ಹೊಯ್ಯುವಾಗ ಜಗಲಿಯಲ್ಲಿ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ, ಜಗಲಿಯ ಗಾಳಿಯಲ್ಲೇ ನೀರು ತುಂಬಿರುತ್ತದೆ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಹಾಕಿದರೆ ಒಣಗುವುದೇನೋ ಹೌದು, ಆದರೆ ಹೊಗೆ, ಮಸಿ ಎರಡೂ ಹತ್ತಿಗೆ ಹತ್ತುತ್ತದೆ. ಸೋರದ ಪದರವಿಲ್ಲದ ಬರೀ ಹತ್ತಿಯ ಪ್ಯಾಡ್ ಆದರೆ ಕೊನೆಗೆ ಇಸ್ತ್ರಿ ಎಳೆಯಬಹುದು.

ಸೀರೆಯ ಅಡಿಯಲ್ಲಿ, ಲಂಗದ ಒಳಗೆ ಅಡಗಿಸಿ ಒಣಗಿಸುವುದನ್ನು ಮಾತ್ರ ಬಿಡಿ. ಯಾರಾದರೂ ನೋಡಿಯಾರು, ಹಾವು ದಾಟೀತು, ದೋಷ ಬಂದೀತು ಎಂದು ಮುಚ್ಚಿಟ್ಟ ಪ್ಯಾಡಿಗೆ ಗಾಳಿ ಸಿಗುವುದಿಲ್ಲ, ಸಿಗುವುದು ಬೂಷ್ಟು. ಒಗೆದ ಪ್ಯಾಡ್ ಒಗೆದ ಬಟ್ಟೆಯೇ, ಕರವಸ್ತ್ರದ ಪಕ್ಕದಲ್ಲಿ ನೇತಾಡಲಿ.

ಒಣಗಿದೆಯೋ ಇಲ್ಲವೋ ನೋಡುವುದು ಬೆರಳಿನಿಂದ ಅಲ್ಲ. ಪ್ಯಾಡಿನ ದಪ್ಪ ಭಾಗವನ್ನು ಮಡಚಿ ಕೆನ್ನೆಗೆ ಒತ್ತಿಹಿಡಿಯಿರಿ. ಕಪಾಟಿನಲ್ಲಿರುವ ಒಣ ಬಟ್ಟೆಗಿಂತ ತಣ್ಣಗೆ ಅನಿಸಿತೋ, ಒಳಗೆ ನೀರು ಇದೆ. ಹಾಗೆಯೇ ಮಡಚಿ ಡಬ್ಬಿಯಲ್ಲಿಟ್ಟರೆ ಮುಂದಿನ ತಿಂಗಳು ಕಪ್ಪು ಚುಕ್ಕಿ ಎದ್ದಿರುತ್ತದೆ. ಕಪ್ಪು ಚುಕ್ಕಿ ಎದ್ದ ಪ್ಯಾಡನ್ನು ಉಳಿಸಲು ಹೋಗಬೇಡಿ.

ಎಷ್ಟು ಪ್ಯಾಡ್ ಬೇಕು? ಬೇಸಿಗೆಗೆ ಎಂಟು ಸಾಕು, ಮಳೆಗಾಲಕ್ಕೆ ಹನ್ನೆರಡರಿಂದ ಹದಿನೈದು. ಹೊಸದಾಗಿ ಕೊಳ್ಳುವವರು ದಪ್ಪ ಹೊಲಿದದ್ದರ ಬದಲು ಬಿಡಿಸಿ ಒಂದೇ ಪದರವಾಗುವ ಮಡಿಕೆಯ ಬಗೆಯನ್ನು ತಕ್ಕೊಳ್ಳಿ. ಒಣಗುವ ಸಮಯದಲ್ಲಿ ಅರ್ಧಕ್ಕರ್ಧ ವ್ಯತ್ಯಾಸವಿದೆ. ಮರುಬಳಕೆಯ ಪ್ಯಾಡಿಗೆಂದೇ ಸರಕಿನ ಗುಣಮಟ್ಟ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಬಿಐಎಸ್ 2021ರಲ್ಲಿ ಐಎಸ್ 17514 ಎಂಬ ಮಾನದಂಡ ತಂದಿದೆ, ಪೊಟ್ಟಣದ ಮೇಲೆ ಹುಡುಕಿ. ಇಷ್ಟೆಲ್ಲ ಮಾಡಿಯೂ ತುರಿಕೆ, ಮೊಸರಿನಂಥ ಬಿಳಿ ಸ್ರಾವ ಅಥವಾ ಕೆಟ್ಟ ವಾಸನೆ ಮುಟ್ಟು ಮುಗಿದ ಮೇಲೂ ಇದ್ದರೆ ಪ್ಯಾಡ್ ಬದಲಿಸುವುದಲ್ಲ, ಡಾಕ್ಟರ ಹತ್ತಿರ ಹೋಗಿ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಒದ್ದೆಯಾಗುವವರೂ ಹೋಗಬೇಕು.

ಕಪ್ ಬಗ್ಗೆ ನೀವು ಕೇಳಲಿಲ್ಲ. ಆದರೆ ಒಣಗಿಸುವ ತಲೆಬಿಸಿಯೇ ಇಲ್ಲದ ವಸ್ತು ಅದು, ಮತ್ತು ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಡಬ್ಬಿ ಸಮೇತ ಕಪಾಟಿನಲ್ಲಿ ಕೂತಿದೆ. ಮುಟ್ಟಿನ ಶುಚಿತ್ವಕ್ಕೆಂದು ಇರುವ ರಾಜ್ಯದ ಶುಚಿ ಯೋಜನೆಯಲ್ಲಿ 2023ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಸರ್ಕಾರ ಪ್ರಾಯೋಗಿಕವಾಗಿ ಹಂಚಿದ್ದು ಇದನ್ನೇ. ಮಗಳು ತಂದದ್ದನ್ನು ಅಮ್ಮ ಒಳಗಿಟ್ಟ ಮನೆಗಳು ಎಷ್ಟೋ. ಒಳಗೆ ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ಎರಡೇ ಮಾತು: ಯೋನಿಯ ಒಳತುದಿಯಲ್ಲಿ ಗರ್ಭಕೋಶದ ಬಾಯಿ ಇದೆ, ಅದರ ತೂತು ಕೆಲವೇ ಮಿಲಿಮೀಟರ್, ಕಪ್ ದಾಟಿ ಹೋಗುವ ದಾರಿಯೇ ಇಲ್ಲ. ಕೈಗೆ ಸಿಗದಿದ್ದರೆ ಕುಕ್ಕರಗಾಲಲ್ಲಿ ಕೂತು ಮೆಲ್ಲನೆ ತಿಣುಕಿದರೆ ಕೆಳಗೆ ಬರುತ್ತದೆ. ಬುಡ ಚಿವುಟಿ ಒಳಗಿನ ಹಿಡಿತ ಬಿಡಿಸದೆ ಎಳೆಯಬಾರದು. ಕಾಪರ್-ಟಿ ಹಾಕಿಸಿಕೊಂಡವರು ಮೊದಲು ಡಾಕ್ಟರನ್ನು ಕೇಳಿ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಗಾಗಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಪ್ ಸುರಕ್ಷಿತವೆಂದೇ ಕಂಡದ್ದು. ಆದರೆ ಕೈ ಪಳಗಲು ಎರಡು ಮೂರು ತಿಂಗಳು ಬೇಕು, ಮೊದಲ ತಿಂಗಳು ಸೋರಿದರೆ ಜೊತೆಗೆ ತೆಳು ಪ್ಯಾಡ್ ಇರಲಿ. ಹನ್ನೆರಡು ಗಂಟೆ ಮೀರಿ ಒಳಗೆ ಬಿಡಬೇಡಿ.

ಬಿಸಿನೀರಿನ ಲೆಕ್ಕ ಇಲ್ಲಿಯೂ ಉಂಟು. ಕಪ್ಪನ್ನು ಮೊದಲು ತಣ್ಣೀರಿನಲ್ಲಿ ತೊಳೆದೇ ಕುದಿಸಬೇಕು, ಇಲ್ಲದಿದ್ದರೆ ಅಂಚಿನ ಸಣ್ಣ ತೂತುಗಳಲ್ಲಿ ರಕ್ತ ಬೆಂದು ಕೂರುತ್ತದೆ. ತೂತು ಚೊಕ್ಕ ಮಾಡಲು ಕಡ್ಡಿ, ಪಿನ್ನು ಹಾಕಬೇಡಿ. ಕಪ್ ತುಂಬ ನೀರು ತೆಗೆದುಕೊಂಡು, ಬಾಯಿಗೆ ಅಂಗೈ ಬಿಗಿಯಾಗಿ ಮುಚ್ಚಿ, ಮಗುಚಿ ಹಿಂಡಿ. ತೂತಿನಿಂದ ನೀರು ಪಿಚಕಾರಿಯಾಗಿ ಹಾರಿ ಒಳಗಿದ್ದದ್ದನ್ನೂ ಹೊರಗೆ ತರುತ್ತದೆ. ಕುದಿಸುವಾಗ ಪಾತ್ರೆಯ ತಳ ಮುಟ್ಟದ ಹಾಗೆ ಜಾಲರಿ ಸೌಟಿನಲ್ಲಿ ಇಡಿ, ಕುದಿ ಬಂದ ಮೇಲೆ ಐದು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ನೀರು ಬತ್ತಿ ಕಪ್ ಸುಟ್ಟ ವಾಸನೆ ಇಡೀ ಮನೆಗೆ ಬರುತ್ತದೆ. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರಾದರೆ ತಿಂಗಳು ಕಳೆದ ಹಾಗೆ ಕಪ್ ಕಂದಾಗುವುದುಂಟು, ಕುದಿಸಲು ಮಾತ್ರ ಫಿಲ್ಟರ್ ನೀರು ತೆಗೆದುಕೊಳ್ಳಿ. ಆರಿದ ಮೇಲೆ ಒರೆಸಿ, ಜೊತೆಗೆ ಬಂದ ಬಟ್ಟೆಯ ಚೀಲದಲ್ಲೇ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಆಟಿಯ ತೇವಕ್ಕೆ ಅದಕ್ಕೂ ಬೂಷ್ಟು ಹಿಡಿಯುತ್ತದೆ.