ದೇವದೂತ ಮತ್ತು ಮರಿಯಾಳ ನಡುವಿನ ಬಯಲು

ಮಧ್ಯಯುಗದ ಕ್ರೈಸ್ತ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಗಳು ಮೊದಲು ಕೇಳುವುದು ಸಂಕೇತಗಳ ಅರ್ಥವನ್ನು: ಲಿಲ್ಲಿ ಹೂವು ಏನನ್ನು ಸೂಚಿಸುತ್ತದೆ, ಪಾರಿವಾಳ ಏಕಿದೆ, ದೇವದೂತನ ಕೈಯಲ್ಲಿರುವ ಕೊಂಬೆ ಯಾವುದು. ಈ ಪ್ರಶ್ನೆಗಳಿಗೆಲ್ಲ ಉತ್ತರಗಳಿವೆ; ಆದರೆ ಅವುಗಳನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಚಿತ್ರವನ್ನು ನೋಡಲು ಬಂದಂತಾಗುವುದಿಲ್ಲ. ಒಂದು ವಸ್ತು ಏನನ್ನು ಸೂಚಿಸುತ್ತದೆ ಎಂಬುದರಷ್ಟೇ, ಚಿತ್ರಕಾರ ಅದನ್ನು ಹಲಗೆಯ ಮೇಲೆ ಎಲ್ಲಿ ಇರಿಸಿದ್ದಾನೆ ಎಂಬುದೂ ಮುಖ್ಯ. ಇದನ್ನು ವಿವರಿಸಲು ನಾನು ಮತ್ತೆ ಮತ್ತೆ ಆರಿಸಿಕೊಳ್ಳುವುದು ಸಿಮೋನೆ ಮಾರ್ತಿನಿ 1333ರಲ್ಲಿ ಚಿತ್ರಿಸಿದ ಶುಭವಾರ್ತೆಯ, ಅಂದರೆ ದೇವದೂತ ಮರಿಯಾಳಿಗೆ ಸುದ್ದಿ ತರುವ ಪ್ರಸಂಗದ, ಚಿತ್ರವನ್ನು.

ಇಟಲಿಯ ಸಿಯೆನಾ ನಗರದ ಪ್ರಧಾನಾಲಯದಲ್ಲಿ (ಕೆಥೆಡ್ರಲ್), ಆ ನಗರದ ರಕ್ಷಕ ಸಂತರಲ್ಲೊಬ್ಬನಾದ ಅನ್ಸಾನೊನ ಬಲಿಪೀಠಕ್ಕಾಗಿ ಈ ಚಿತ್ರ ಸಿದ್ಧವಾಯಿತು. ಸಿಮೋನೆಯ ಜೊತೆಗೆ ಅವನ ಹೆಂಡತಿಯ ಸಹೋದರ ಲಿಪ್ಪೊ ಮೆಮ್ಮಿಯ ಹೆಸರೂ ಚೌಕಟ್ಟಿನ ಮೇಲಿದೆ. ಎರಡು ಬದಿಗಳಲ್ಲಿ ನಿಂತಿರುವ ಸಂತರು ಲಿಪ್ಪೊನ ಕೈಕೆಲಸವೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. 1799ರಿಂದ ಚಿತ್ರ ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿದೆ. ಪ್ರಸಂಗ ಬೈಬಲಿನ ಲೂಕನ ಸುವಾರ್ತೆಯ ಮೊದಲ ಅಧ್ಯಾಯದ್ದು: ದೇವದೂತ ಗಬ್ರಿಯೇಲನು ಕನ್ಯೆ ಮರಿಯಾಳ ಬಳಿಗೆ ಬಂದು, ಆಕೆ ದೇವಪುತ್ರನಿಗೆ ಜನ್ಮ ನೀಡುವಳೆಂದು ತಿಳಿಸುತ್ತಾನೆ. ಈ ಪ್ರಸಂಗದ ಹಬ್ಬವಾದ ಮಾರ್ಚ್ 25ರಂದೇ ಆಗಿನ ಸಿಯೆನಾದಲ್ಲಿ ಹೊಸ ವರ್ಷ ಆರಂಭವಾಗುತ್ತಿತ್ತು ಎಂಬುದನ್ನು ನೆನೆದರೆ, ಆ ಜನರ ಬದುಕಿನಲ್ಲಿ ಇದಕ್ಕಿದ್ದ ಸ್ಥಾನ ತಿಳಿಯುತ್ತದೆ.

ಎಡಗಡೆ ದೇವದೂತ ಆಗಷ್ಟೇ ಇಳಿದು ಮಂಡಿಯೂರಿದ್ದಾನೆ. ಅವನ ರೆಕ್ಕೆಗಳು ಇನ್ನೂ ಮಡಚಿಕೊಂಡಿಲ್ಲ. ಚೌಕಳಿ ಬಟ್ಟೆಯ ಮೇಲುಹೊದಿಕೆ ಬೆನ್ನ ಹಿಂದೆ ಗಾಳಿಯಲ್ಲಿ ಸುರುಳಿ ಸುತ್ತುತ್ತಿದೆ. ಬಲಗಡೆ ಪೀಠದ ಮೇಲೆ ಕುಳಿತ ಮರಿಯಾ ಓದುತ್ತಿದ್ದ ಪುಸ್ತಕವನ್ನು ಅರ್ಧ ಮುಚ್ಚಿ, ಪುಟ ತಪ್ಪದಂತೆ ಹೆಬ್ಬೆರಳನ್ನು ಅದರೊಳಗೆ ಇಟ್ಟುಕೊಂಡಿದ್ದಾಳೆ. ಇನ್ನೊಂದು ಕೈಯಿಂದ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಇಡೀ ಮೈಯನ್ನು ಹಿಂದಕ್ಕೆ ತಿರುಚಿದ್ದಾಳೆ. ಆ ಮಾತನ್ನು ಕೇಳಿ ಆಕೆ ಕಳವಳಗೊಂಡು, ಇದು ಎಂಥ ವಂದನೆಯೆಂದು ಯೋಚಿಸಿದಳು ಎಂದು ಲೂಕನು ಬರೆದಿರುವ ವಾಕ್ಯವನ್ನು ಸಿಮೋನೆ ಅಕ್ಷರಶಃ ಪಾಲಿಸಿದ್ದಾನೆ. ಹಾಗಾಗಿ ಇಲ್ಲಿರುವುದು ಒಪ್ಪಿಗೆಯ ಕ್ಷಣವಲ್ಲ, ಮಾತು ತಲುಪಿ ಉತ್ತರ ಇನ್ನೂ ಬಾರದಿರುವ ಕ್ಷಣ.

ಈ ಕ್ಷಣವನ್ನು ಹಿಡಿದಿಟ್ಟಿರುವುದು ಇಬ್ಬರ ನಡುವೆ ಬಿಟ್ಟಿರುವ ಬಯಲು. ಹಲಗೆಯ ನಟ್ಟನಡುವೆ ಯಾವ ಮನುಷ್ಯಾಕೃತಿಯೂ ಇಲ್ಲ. ಅಲ್ಲಿ ಇರುವುದು ಬಂಗಾರ. ದೇವದೂತನ ಬಾಯಿಂದ ಹೊರಟ ಲ್ಯಾಟಿನ್ ವಂದನೆ, ಅಂದರೆ ಕೃಪೆಯಿಂದ ತುಂಬಿದವಳೇ, ಪ್ರಭು ನಿನ್ನೊಡನಿದ್ದಾನೆ ಎಂಬ ಮಾತು, ಉಬ್ಬಿದ ಅಕ್ಷರಗಳಲ್ಲಿ ಆ ಬಯಲನ್ನು ದಾಟಿ ಮರಿಯಾಳತ್ತ ಸಾಗುತ್ತದೆ. ಇದಕ್ಕೆ ಅಡ್ಡವಾಗಿ ಇನ್ನೊಂದು ರೇಖೆಯಿದೆ: ಮೇಲೆ ದೇವದೂತರು ಸುತ್ತುವರಿದ ಪಾರಿವಾಳ, ಅಂದರೆ ಪವಿತ್ರಾತ್ಮ, ಕೆಳಗೆ ಅಮೃತಶಿಲೆಯ ನೆಲದ ಮೇಲಿನ ಹೂದಾನಿಯಲ್ಲಿ ಮರಿಯಾಳ ಪಾವಿತ್ರ್ಯವನ್ನು ಸೂಚಿಸುವ ಬಿಳಿ ಲಿಲ್ಲಿಗಳು. ಮಾತು ಎಡದಿಂದ ಬಲಕ್ಕೆ, ಪವಿತ್ರಾತ್ಮ ಮೇಲಿನಿಂದ ಕೆಳಕ್ಕೆ ಬರುವ ಎರಡು ದಾರಿಗಳು ಅಲ್ಲಿ ಸಂಧಿಸುತ್ತವೆ. ದೇವರ ವಚನವು ಶರೀರ ತಾಳುವುದೆಂಬ ಕ್ರೈಸ್ತ ನಂಬಿಕೆಗೆ ಇಲ್ಲಿ ಸ್ಥಳವೊಂದು ದೊರೆತಿದೆ, ಮತ್ತು ಆ ಸ್ಥಳವನ್ನು ಖಾಲಿ ಬಿಡುವ ಧೈರ್ಯವೇ ಸಿಮೋನೆಯ ದೊಡ್ಡತನವೆಂದು ನಾನು ತಿಳಿದಿದ್ದೇನೆ.

ಗಬ್ರಿಯೇಲನ ಕೈಯಲ್ಲಿ ವಾಡಿಕೆಯ ಲಿಲ್ಲಿಯ ಬದಲು ಆಲಿವ್ ಕೊಂಬೆಯಿದೆ. ತಲೆಯ ಮೇಲೂ ಆಲಿವ್ ಎಲೆಗಳ ಮಾಲೆಯಿದೆ. ಲಿಲ್ಲಿಯು ಸಿಯೆನಾದ ಎದುರಾಳಿಯಾದ ಫ್ಲಾರೆನ್ಸಿನ ಲಾಂಛನವಾದ್ದರಿಂದ ಚಿತ್ರಕಾರ ಅದನ್ನು ಕೈಬಿಟ್ಟನೆಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ನನಗೆ ಅದು ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಅದೇ ಹೂವನ್ನು ಅವನು ಚಿತ್ರದ ನಡುವೆ, ಎಲ್ಲರ ಕಣ್ಣು ಬೀಳುವಲ್ಲಿ ಇರಿಸಿದ್ದಾನೆ. ಆಲಿವ್ ಶಾಂತಿಯ ಗುರುತು. ದೇವರಿಗೂ ಮನುಷ್ಯರಿಗೂ ನಡುವಿನ ಸಂಧಾನದ ಸುದ್ದಿ ತಂದವನ ಕೈಗೆ ಅದು ಒಪ್ಪುತ್ತದೆ.

ಬಂಗಾರದ ಬಗ್ಗೆ ಒಂದು ಮಾತನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಪರದೆಯ ಮೇಲೆ ಅದು ಬರಿಯ ಹಳದಿಯಾಗಿ ಕಾಣುತ್ತದೆ. ಆ ಕಾಲದ ಕಾರ್ಯಾಗಾರಗಳಲ್ಲಿ ಮರದ ಹಲಗೆಗೆ ಜಿಪ್ಸಮ್ ಮತ್ತು ಪ್ರಾಣಿಜನ್ಯ ಅಂಟಿನ ಗೆಸ್ಸೊವನ್ನು ಹಲವು ಪದರಗಳಲ್ಲಿ ಬಳಿದು ನಯಗೊಳಿಸಿ, ಅದರ ಮೇಲೆ ನುಣುಪಾದ ಕೆಮ್ಮಣ್ಣನ್ನು ಹಚ್ಚಿ, ಚಿನ್ನದ ರೇಕನ್ನು ಕೂರಿಸಿ ಹೊಳಪು ಬರುವವರೆಗೆ ಉಜ್ಜುತ್ತಿದ್ದರು. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಉಬ್ಬಿನ ಮೇಲೆ ರೇಕು ಅಂಟಿಸುವುದನ್ನು ಕಂಡವರಿಗೆ, ಪರಂಪರೆಗಳು ಬೇರೆಯಾದರೂ, ಈ ಕೆಲಸದ ತಾಳ್ಮೆ ಅರ್ಥವಾದೀತು. ಪ್ರಭಾವಲಯಗಳಲ್ಲಿ ಪುಟ್ಟ ಅಚ್ಚುಗಳಿಂದ ಒತ್ತಿದ ಗುಳಿಗಳು ಬೆಳಕನ್ನು ಚದುರಿಸುತ್ತವೆ. ಮೇಣದ ದೀಪ ಅಲುಗಾಡಿದಂತೆ, ನೋಡುವವರು ಒಂದು ಹೆಜ್ಜೆ ಸರಿದಂತೆ, ಈ ಮೇಲ್ಮೈ ಒಮ್ಮೆ ಕಪ್ಪಾಗಿ, ಒಮ್ಮೆ ಬೆಳಗಿ ಬದಲಾಗುತ್ತದೆ. ಆದ್ದರಿಂದ ಅದನ್ನು ಆಕಾಶವೆಂದಾಗಲಿ ಗೋಡೆಯೆಂದಾಗಲಿ ಹೇಳಲಾಗದು. ನೆಲ ಮತ್ತು ಪೀಠ ನಮ್ಮ ಲೋಕದ ಆಳವನ್ನು ಸ್ವಲ್ಪವೇ ತೋರಿಸುತ್ತವೆ. ಬಂಗಾರ ಆ ಆಳವನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಹನ್ನೊಂದು ವರ್ಷಗಳ ನಂತರ, 1344ರಲ್ಲಿ, ಅದೇ ಸಿಯೆನಾದ ಅಂಬ್ರೋಜೊ ಲೊರೆಂಜೆತ್ತಿ ಇದೇ ಪ್ರಸಂಗವನ್ನು ಚಿತ್ರಿಸಿದನು. ಅವನ ಮರಿಯಾ ಹಿಂಜರಿಯುವುದಿಲ್ಲ. ಮುಖವನ್ನು ಮೇಲೆತ್ತಿ, ನಾನು ಪ್ರಭುವಿನ ದಾಸಿಯೆಂದು ಉತ್ತರಿಸುತ್ತಾಳೆ. ಬಂಗಾರ ಹಿಂದೆ ಉಳಿದಿದೆ, ಆದರೆ ನೆಲದ ಚೌಕಗಳ ಗೆರೆಗಳು ಒಂದೇ ಬಿಂದುವಿನತ್ತ ಓಡುತ್ತವೆ, ಮತ್ತು ಸಿಮೋನೆ ಖಾಲಿ ಬಿಟ್ಟಿದ್ದ ನಡುವಿನ ಬಯಲಿನಲ್ಲಿ ಒಂದು ತೆಳುವಾದ ಕಂಬ ನಿಂತಿದೆ.