ಹಾಕಿದ ಕೊಬಾಲ್ಟೆಲ್ಲ ಒಳಗೆ ಕೂತಿತೇ? ಜಿಂಕ್ ಆಕ್ಸೈಡ್ ನ್ಯಾನೋಸ್ಫಟಿಕಗಳ ಡೋಪಿಂಗ್ ಕುರಿತ ಟಿಪ್ಪಣಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಎಂ.ಎಸ್ಸಿ. ಪ್ರಾಜೆಕ್ಟಿಗೆ ಜಿಂಕ್ ಆಕ್ಸೈಡ್ ಹಿಡಿದವರಿಗಾಗಿ ಇದು. ಡೋಪಿಂಗ್ ಎಂದರೆ ಸ್ಫಟಿಕದ ಕೆಲವು ಅಯಾನುಗಳ ಜಾಗಕ್ಕೆ ಬೇರೆ ಲೋಹದ ಅಯಾನುಗಳನ್ನು (ಡೋಪಂಟ್) ತುಸು ಸೇರಿಸುವುದು. "ಶೇ. 3 ಕೊಬಾಲ್ಟ್ ಡೋಪ್ ಮಾಡಲಾಗಿದೆ" ಎಂದು ವರದಿಗಳಲ್ಲಿ ಬರೆಯುತ್ತೇವಲ್ಲ, ಆ 3 ಬೀಕರಿಗೆ ಹಾಕಿದ ಲೆಕ್ಕ. ಸ್ಫಟಿಕದೊಳಗೆ ಎಷ್ಟು ಹೋಯಿತು, ಹೋದದ್ದು ಎಲ್ಲಿ ಕೂತಿತು ಎಂಬುದು ಬೇರೆ ಲೆಕ್ಕ. ಗುಣಗಳು ಬದಲಾಗುವುದು ಈ ಎರಡನೆಯ ಲೆಕ್ಕದಿಂದ.

ಜಿಂಕ್ ಆಕ್ಸೈಡಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ವಿದ್ಯುತ್ ಒಯ್ಯುವ ವಾಹಕ ಪಟ್ಟಿಗೆ ಏರಲು ಬೇಕಾದ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಅದರ ವುರ್ಟ್‌ಜೈಟ್ ಎಂಬ ಸ್ಫಟಿಕ ರಚನೆಯಲ್ಲಿ ಪ್ರತಿ ಸತುವಿನ ಅಯಾನಿನ ಸುತ್ತ ನಾಲ್ಕು ಆಕ್ಸಿಜನ್‌ಗಳು. ಆ ಜಾಗದಲ್ಲಿ ಸತುವಿನ ತ್ರಿಜ್ಯ 0.60 ಆಂಗ್‌ಸ್ಟ್ರಾಮ್, ಕೊಬಾಲ್ಟಿನದು 0.58, ಮ್ಯಾಂಗನೀಸಿನದು 0.66, ಅಲ್ಯೂಮಿನಿಯಂನದು 0.39. ಕೊಬಾಲ್ಟ್ +2 ಆವೇಶದಲ್ಲೇ ಇದ್ದು ಸಲೀಸಾಗಿ ಹೊಂದಿಕೊಳ್ಳುತ್ತದೆ. ಅಲ್ಯೂಮಿನಿಯಂ +3. ಹೀಗಾಗಿ ಸತುವಿನ ಜಾಗದಲ್ಲಿ ಕೂತರೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಸಿಗುತ್ತದೆ, ವಾಹಕತೆ ಏರುತ್ತದೆ. ವಾಹಕ ಪಟ್ಟಿಯ ತಳ ತುಂಬಿದಷ್ಟೂ ಬೆಳಕು ಎಲೆಕ್ಟ್ರಾನನ್ನು ಇನ್ನೂ ಮೇಲಕ್ಕೆ ಎತ್ತಬೇಕು. ಅಳೆದ ಗ್ಯಾಪ್ ಹಿಗ್ಗಿದಂತೆ ಕಾಣುತ್ತದೆ. ಇದೇ ಬರ್ಸ್ಟೈನ್–ಮಾಸ್ ಪರಿಣಾಮ. ಅಲ್ಯೂಮಿನಿಯಂ ಕೆಲವು ಶೇಕಡಾ ದಾಟಿದರೆ ಹೆಚ್ಚುವರಿ ಭಾಗ ಕಣದಂಚಿನಲ್ಲಿ ಸೇರಿಯೋ ಜಿಂಕ್ ಅಲ್ಯೂಮಿನೇಟ್ ಆಗಿಯೋ ಕೆಲಸಕ್ಕೆ ಬಾರದೆ ಹೋಗುತ್ತದೆ, ವಾಹಕತೆ ಮತ್ತೆ ಇಳಿಯುತ್ತದೆ.

ಇನ್ನು ತಯಾರಿ. 0.1 ಮೋಲಾರ್‌ನ 100 ಮಿಲಿ ದ್ರಾವಣಕ್ಕೆ ಒಟ್ಟು ಲೋಹ 0.01 ಮೋಲ್. ಶೇ. 3 ಕೊಬಾಲ್ಟ್ ಎಂದರೆ ಕೊಬಾಲ್ಟ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.087 ಗ್ರಾಂ, ಜಿಂಕ್ ಅಸಿಟೇಟ್ ಡೈಹೈಡ್ರೇಟ್ 2.129 ಗ್ರಾಂ. ಸತುವನ್ನು ಪೂರ್ತಿ 2.195 ಗ್ರಾಂ ಹಾಕಿ ಅದರ ಮೇಲೆ ಕೊಬಾಲ್ಟ್ ಸೇರಿಸುವವರಿದ್ದಾರೆ. ಆಗ ಅನುಪಾತ ಶೇ. 3 ಆಗುವುದಿಲ್ಲ. ಎರಡೂ ಪೂರ್ತಿ ಕರಗಿದ ಮೇಲೆ, ಕಲಕುತ್ತಾ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಲೆಕ್ಕಕ್ಕೆ ಬೇಕಾದದ್ದು 0.8 ಗ್ರಾಂ. ಆದರೆ ತೂಕವನ್ನು ನಂಬಬೇಡಿ, ಪಿಎಚ್ ಮೀಟರ್ ನೋಡಿ. ಕಾಸರಗೋಡಿನ ಜೂನ್–ಜುಲೈ ಮಳೆಯಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ಟರೆ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ನೋಡನೋಡುತ್ತಲೇ ಬೆವರುತ್ತವೆ. 0.8 ಗ್ರಾಮಿನಲ್ಲಿ ಒಂದಷ್ಟು ಬರೀ ನೀರು, ಒಂದಷ್ಟು ಕಾರ್ಬೊನೇಟ್. ಕ್ಷಾರ ಕಡಿಮೆಬಿದ್ದರೆ ಮೊದಲು ಹೊರಗುಳಿಯುವುದು ಕೊಬಾಲ್ಟ್, ಏಕೆಂದರೆ ಸತುವಿನ ಹೈಡ್ರಾಕ್ಸೈಡಿಗಿಂತ ಅದರದು ಹೆಚ್ಚು ಪಿಎಚ್‌ನಲ್ಲಿ ಪ್ರಕ್ಷೇಪವಾಗುತ್ತದೆ (ಗಟ್ಟಿಯಾಗಿ ತಳ ಸೇರುತ್ತದೆ). ಸೋಸಿದ ನೀರು ಗುಲಾಬಿ ಬಣ್ಣದಲ್ಲಿದ್ದರೆ ಡೋಪಂಟ್ ಸಿಂಕಿಗೆ ಹೋಗುತ್ತಿದೆ ಎಂದೇ ಅರ್ಥ. ಅತಿಯಾದರೂ ತೊಂದರೆಯೇ: ಅಲ್ಯೂಮಿನಿಯಂ ಡೋಪ್ ಮಾಡುವಾಗ ಪಿಎಚ್ ಸುಮಾರು 10 ದಾಟಿದರೆ ಅದರ ಹೈಡ್ರಾಕ್ಸೈಡ್ ಅಲ್ಯೂಮಿನೇಟ್ ಆಗಿ ಮತ್ತೆ ಕರಗುತ್ತದೆ.

ಪ್ರಕ್ಷೇಪವನ್ನು ಮೂರ್ನಾಲ್ಕು ಸಲ ನೀರಿನಲ್ಲಿ, ಕೊನೆಗೆ ಎಥನಾಲಿನಲ್ಲಿ ತೊಳೆದು, 80 ಡಿಗ್ರಿಯಲ್ಲಿ ಒಣಗಿಸಿ, 400 ಡಿಗ್ರಿಯಲ್ಲಿ ಎರಡು ಗಂಟೆ ಸುಡುವುದು ರೂಢಿ. ಈಗ ಪುಡಿಯ ಬಣ್ಣ ನೋಡಿ. ತಿಳಿಹಸಿರು ಬಂದರೆ ಕೊಬಾಲ್ಟ್ +2 ಆಗಿ ನಾಲ್ಕು ಆಕ್ಸಿಜನ್‌ಗಳ ನಡುವೆ ಕೂತಿದೆ ಎನ್ನಲು ಒಳ್ಳೆಯ ಸೂಚನೆ. ಹೀರಿಕೆಯ ರೋಹಿತದಲ್ಲಿ 565, 610, 655 ನ್ಯಾನೋಮೀಟರ್ ಹತ್ತಿರ ಮೂರು ಉಬ್ಬು ಸಿಗಬೇಕು. ಬೂದು ಅಥವಾ ಕಪ್ಪು ಛಾಯೆ ಬಂದರೆ ಕೊಬಾಲ್ಟ್ ಆಕ್ಸೈಡ್ ಪ್ರತ್ಯೇಕವಾಗಿ ಬೆಳೆದಿರುವ ಸಂಶಯ ಬಲವಾಗುತ್ತದೆ. ಕಡಿಮೆ ಪ್ರಮಾಣದಲ್ಲಿದ್ದರೆ ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆಯಿಂದ ಸ್ಫಟಿಕ ರಚನೆ ಗುರುತಿಸುವ ಅಳತೆ) ಅದನ್ನು ತೋರಿಸುವುದೇ ಇಲ್ಲ, ಮೇಲಾಗಿ 36.8 ಡಿಗ್ರಿಯ ಅದರ ಮುಖ್ಯ ಶಿಖರ ಜಿಂಕ್ ಆಕ್ಸೈಡಿನ 36.3ರ ಮಗ್ಗುಲಲ್ಲೇ ಅಡಗಿರುತ್ತದೆ. "ಬೇರೆ ಶಿಖರವಿಲ್ಲ, ಆದ್ದರಿಂದ ಡೋಪಿಂಗ್ ಯಶಸ್ವಿ" ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಶಿಖರ ಸರಿಯುವಿಕೆಯಲ್ಲೂ ಇದೇ ಎಚ್ಚರ ಬೇಕು. ಮ್ಯಾಂಗನೀಸ್ ಕೂತರೆ ಶಿಖರ ಕಡಿಮೆ ಕೋನದತ್ತ ಸರಿಯಬೇಕು. ಕೊಬಾಲ್ಟಿನ ಗಾತ್ರ ಸತುವಿಗೆ ಸಮೀಪ, ಹಾಗಾಗಿ ಸರಿಯದಿದ್ದರೂ ತಪ್ಪೇನಿಲ್ಲ. ಆದರೆ ಹೋಲ್ಡರಿನಲ್ಲಿ ಪುಡಿ ತುಸು ಮೇಲೆ ಕೆಳಗೆ ಆದರೂ ಶಿಖರ ಸರಿಯುತ್ತದೆ. ಸ್ವಲ್ಪ ಸಿಲಿಕಾನ್ ಪುಡಿ ಬೆರೆಸಿ, ಅದರ 28.44 ಡಿಗ್ರಿಯ ಶಿಖರಕ್ಕೆ ಹೊಂದಿಸಿ ಓದಿ.

ಗ್ಯಾಪ್ ಬದಲಾದಾಗ ಕೆಲವರು ತಕ್ಷಣ ಕ್ವಾಂಟಮ್ ಪರಿಣಾಮ (ಕಣ ತೀರಾ ಚಿಕ್ಕದಾದಾಗ ಗ್ಯಾಪ್ ಹಿಗ್ಗುವುದು) ಎನ್ನುತ್ತಾರೆ. ಜಿಂಕ್ ಆಕ್ಸೈಡಿನಲ್ಲಿ ಅದು ಎದ್ದು ಕಾಣಬೇಕಾದರೆ ಕಣ ಏಳೆಂಟು ನ್ಯಾನೋಮೀಟರಿಗಿಂತ ಚಿಕ್ಕದಿರಬೇಕು. 20 ನ್ಯಾನೋಮೀಟರಿನ ಪುಡಿಗೆ ಆ ವಿವರಣೆ ಹೊಂದುವುದಿಲ್ಲ.

ತೀರಾ ಸಣ್ಣ ಕಣಗಳಲ್ಲಿ ಶೇಕಡಾವಾರು ಲೆಕ್ಕವೇ ಬೇರೆ ರೂಪ ತಾಳುತ್ತದೆ. 4 ನ್ಯಾನೋಮೀಟರ್ ವ್ಯಾಸದ ಗೋಳದಲ್ಲಿ ಸತುವಿನ ಅಯಾನುಗಳು ಸುಮಾರು 1,400. ಶೇ. 0.1 ಡೋಪಂಟ್ ಎಂದರೆ ಕಣಕ್ಕೆ ಸರಾಸರಿ 1.4. ಯಾದೃಚ್ಛಿಕವಾಗಿ ಹಂಚಿದರೆ ನಾಲ್ಕರಲ್ಲಿ ಒಂದು ಕಣಕ್ಕೆ ಒಂದೂ ಸಿಗುವುದಿಲ್ಲ. ಮೇಲ್ಮೈ ಹತ್ತಿರವೇ ಇರುವುದರಿಂದ ಡೋಪಂಟ್ ಹೊರಕ್ಕೆ ಸರಿದು ಅಲ್ಲೇ ಅಂಟಿಕೊಳ್ಳುವುದೂ ಇದೆ. ಆಗ ರಾಸಾಯನಿಕ ವಿಶ್ಲೇಷಣೆಯಲ್ಲಿ ಲೋಹ ಸಿಗುತ್ತದೆ, ಗುಣದಲ್ಲಿ ನಿರೀಕ್ಷಿಸಿದ ಬದಲಾವಣೆ ಸಿಗುವುದಿಲ್ಲ.

ಆದ್ದರಿಂದ ಕೋಷ್ಟಕದಲ್ಲಿ ಎರಡು ಕಂಬಸಾಲು ಇಡಿ: ಹಾಕಿದ್ದು, ಅಳೆದದ್ದು. ಅಳತೆಗೆ 10 ಮಿಲಿಗ್ರಾಂ ಪುಡಿಯನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಲೋಹದ ಪ್ರಮಾಣ ಅಳೆಯುವ ಐಸಿಪಿ ಉಪಕರಣಕ್ಕೆ ಕೊಡಬಹುದು. ಕರಗದೆ ತಳದಲ್ಲಿ ಕಪ್ಪು ಚೂರು ಉಳಿದರೆ ಅದನ್ನು ಸೋಸಿ ಎಸೆಯಬೇಡಿ, ನೀವು ಹಾಕಿದ ಕೊಬಾಲ್ಟಿನ ಒಂದು ಪಾಲು ಅದರಲ್ಲಿರಬಹುದು.